ಮೂವತ್ತೈದು ಶುಕ್ರವಾರ

ದಕ್ಷಿಣ ಧ್ರುವದ ಕಡೆಗೆ ಹೋಗುವ ಗಂಡನಿಗೆ ಕೋರಿರೊಟ್ಟಿ ಕಟ್ಟಿಕೊಡುವ ಕರ್ಮ ನನಗಲ್ಲದೆ ಬೇರೆ ಯಾರಿಗೆ ಬರಬೇಕು! ಒಮಾನಿನ ಮತ್ರಾದ ನಮ್ಮ ಎರಡು ಕೋಣೆಯ ಮನೆಯಲ್ಲಿ ಕಾಲಿಡಲಿಕ್ಕೆ ಜಾಗವಿಲ್ಲ. ಎಲ್ಲಿ ನೋಡಿದರೂ ಉಣ್ಣೆಯ ಕಾಲುಚೀಲ, ಟೊಪ್ಪಿ, ಕಂಪೆನಿಯವರು ಕಳಿಸಿದ ಕೆಂಪು ಕೋಟು. ಅದನ್ನು ಹಾಕಿ ನೋಡಿದ ಇವರು ಎರಡೇ ನಿಮಿಷಕ್ಕೆ ಬೆವರಿ, "ಏಸಿ ಜೋರು ಮಾಡು ಮಾರಾಯ್ತಿ" ಎಂದು ಬೊಬ್ಬೆ ಹಾಕಿದರು. ನಾನು ಮಾಡಲಿಲ್ಲ. ಬೆವರಲಿ.

ಇವರೆಂದರೆ ನನ್ನ ಗಂಡ ದೇಜಪ್ಪ. ಇಪ್ಪತ್ತು ವರ್ಷ ಒಮಾನಿನ ಮರುಭೂಮಿಯ ಕ್ಯಾಂಪುಗಳಲ್ಲಿ ಜನರೇಟರ್ ರಿಪೇರಿ ಮಾಡಿದವರು. ಈಗ ಯಾವುದೋ ವಿದೇಶಿ ಸಂಶೋಧನಾ ಕೇಂದ್ರದಲ್ಲಿ ಹನ್ನೊಂದು ಜನರ ಜೊತೆ ಚಳಿಗಾಲ ಕಳೆಯಲು ಒಪ್ಪಿಕೊಂಡಿದ್ದಾರೆ. ಫೆಬ್ರವರಿ ಕೊನೆಗೆ ಇವರನ್ನು ಇಳಿಸಿ ಹೊರಟ ಹಡಗು ಮತ್ತೆ ಬರುವುದು ಅಕ್ಟೋಬರ್ ಕಳೆದ ಮೇಲೆ. ನಡುವೆ ವಿಮಾನವೂ ಇಲ್ಲ, ಮಣ್ಣೂ ಇಲ್ಲ.

ನನ್ನನ್ನು ಕೇಳಿ ಒಪ್ಪಿದ್ದಾ? ಎಂತದ್ದೂ ಇಲ್ಲ. ನವೆಂಬರಿನಲ್ಲಿ ಹೊಟ್ಟೆನೋವೆಂದು ಆಸ್ಪತ್ರೆ ಸೇರಿ ಅಪೆಂಡಿಕ್ಸ್ ತೆಗೆಸಿಕೊಂಡರು. ನಾನು ಆಫೀಸಿಗೆ ಎಂಟು ದಿನ ರಜೆ ಹಾಕಿ ಗಂಜಿ ಬೇಯಿಸಿದೆ. ಕಟೀಲಮ್ಮನಿಗೆ ಹೂವಿನಪೂಜೆ ಹೇಳಿಕೊಂಡೆ. ಆಮೇಲೆ ಗೊತ್ತಾಯಿತು, ನೋವೇ ಇರಲಿಲ್ಲ! ಅಲ್ಲಿ ಆಪರೇಷನ್ ಮಾಡುವ ವ್ಯವಸ್ಥೆ ಇಲ್ಲವಂತೆ, ಚಳಿಗಾಲಕ್ಕೆ ಉಳಿಯುವವರು ಅದನ್ನು ಮೊದಲೇ ತೆಗೆಸಿಕೊಂಡು ಹೋಗಬೇಕಂತೆ. ಕಲ್ಲಿನಂತಿದ್ದ ಮನುಷ್ಯನಿಗಾಗಿ ನಾನು ಹರಕೆ ಹೊತ್ತದ್ದು. ಅಮ್ಮನಿಗೆ ಯಾವ ಮುಖ ತೋರಿಸಲಿ?

ಅಷ್ಟಾದರೂ ಕಟ್ಟುತ್ತಿದ್ದೆ ನೋಡಿ. ಶುಕ್ರವಾರ ಕೋಳಿ, ಮೀನು ಮುಟ್ಟಬಾರದೆಂದು ಬೆಳೆದವಳು ನಾನು. ಆದರೆ ಇಲ್ಲಿ ರಜೆಯೇ ಶುಕ್ರವಾರ, ರಜೆಯ ದಿನ ಕೋರಿರೊಟ್ಟಿ ಇಲ್ಲದಿದ್ದರೆ ಇವರಿಗೆ ಊಟವೇ ಅಲ್ಲ. ಹಪ್ಪಳದ ಹಾಗೆ ಒಣಗಿದ ಅಕ್ಕಿರೊಟ್ಟಿ ಅದು, ಮುರಿದು ಮೇಲೆ ಕೋಳಿಸಾರು ಸುರಿದರೆ ಆಯಿತು. ತಿಂಗಳುಗಟ್ಟಲೆ ಕೆಡುವುದಿಲ್ಲ. ಎಂಟು ತಿಂಗಳಿಗೆ ಮೂವತ್ತೈದು ಶುಕ್ರವಾರ, ಮೂವತ್ತೈದು ಪ್ಯಾಕೆಟ್. ಮೆಣಸು ಹುರಿದು, ಪುಡಿ ಮಾಡಿ, ವಾರಕ್ಕೊಂದರಂತೆ ಮೂವತ್ತೈದು ಪೊಟ್ಟಣ ಮಸಾಲೆಯನ್ನೂ ಕಟ್ಟಿದ್ದೆ.

ಗುರುವಾರ ಮಧ್ಯಾಹ್ನ ಪೆಟ್ಟಿಗೆಯ ಬುಡದಲ್ಲಿ ಇವರು ತುಂಬಿಸಿ ಕಳಿಸಿದ್ದ ಫಾರ್ಮಿನ ಪ್ರತಿ ಸಿಕ್ಕಿತು. ಅದರಲ್ಲೊಂದು ಪ್ರಶ್ನೆ: ಚಳಿಗಾಲದ ನಡುವೆ ನಿಮ್ಮ ಮನೆಯಲ್ಲಿ ಸಾವು ಸಂಭವಿಸಿದರೆ ನಿಮಗೆ ತಿಳಿಸಬೇಕೇ? ಇವರು 'ಬೇಡ'ಕ್ಕೆ ಟಿಕ್ ಹಾಕಿದ್ದರು.

ನಮ್ಮ ಮನೆಯೆಂದರೆ ಯಾರು? ನಾನೊಬ್ಬಳೇ. ಮಕ್ಕಳಿಲ್ಲ, ಮರಿಯಿಲ್ಲ.

"ಇದೆಂತದು?" ಎಂದು ಮುಖಕ್ಕೆ ಹಿಡಿದೆ.

ಇವರು ಮತ್ತೆ ಕೆಂಪು ಕೋಟು ಏರಿಸಿಕೊಂಡು ಬೂಟಿನ ಲೇಸು ಬಿಗಿಯುತ್ತಲೇ ಇದ್ದರು. "ಗೊತ್ತಾಗಿ ಎಂತ ಮಾಡಲಿ ಸ್ವರ್ಣ? ಬರಲಿಕ್ಕೆ ಆಗುತ್ತದಾ? ಜನರೇಟರ್ ನಿಂತರೆ ಹನ್ನೆರಡು ಜನ ಸಾಯುತ್ತೇವೆ. ಅಳುತ್ತಾ ಕೂತರೆ ಅದನ್ನು ನೋಡುವವರು ಯಾರು?"

"ಹಾಗಾದರೆ ನಾನು ಬೂದಿಯಾದ ಮೇಲೂ ನೀವು ಅಲ್ಲಿ ಕೂತು ನನ್ನ ಮಸಾಲೆಯಲ್ಲಿ ಕೋಳಿ ತಿನ್ನುವುದಾ? ರುಚಿಯಾಗಿದೆ ಅಂತ ಬೆರಳು ನೆಕ್ಕುವುದಾ?"

"ಕೆಟ್ಟ ಮಾತಾಡಬೇಡ."

"ಟಿಕ್ ಬದಲಾಯಿಸಿ. ಒಂದು ಫೋನು ಮಾಡಿದರೆ ಮುಗಿಯಿತು."

"ಅದು ಹೋಗಿ ಆಯಿತು. ಖಲಾಸ್. ನಿನ್ನ ಫಾರ್ಮ್ ಐದು ಗಂಟೆಯ ಒಳಗೆ ಕಳಿಸಬೇಕು, ಬೇಗ ಸಹಿ ಹಾಕು."

ಹೌದು, ಮನೆಯವರ ಫಾರ್ಮೊಂದಿತ್ತು. ನನ್ನ ಸಹಿ ಬೀಳದೆ ಇವರು ಹಡಗು ಹತ್ತುವ ಹಾಗಿರಲಿಲ್ಲ. ಹರಿದು ಬಿಸಾಡಲಿಕ್ಕೆ ಕೈ ತುರಿಸಿತು. ಮೊದಲು ಓದಿ ನೋಡುವ ಅಂತ ಓದಿದೆ. ನನಗೂ ಅದೇ ಪ್ರಶ್ನೆ: ಅಲ್ಲಿ ಇವರಿಗೆ ಏನಾದರೂ ಆದರೆ, ಹಡಗು ಹೋಗಿ ಮುಟ್ಟುವ ಮೊದಲೇ ತಿಳಿಸಬೇಕೇ?

'ಬೇಡ' ಎಂದು ಟಿಕ್ ಹಾಕಿದೆ. ಸಹಿಯನ್ನೂ ಹಾಕಿ ಕೊಟ್ಟೆ.

ಇವರು ಓದಿದರು. ಇನ್ನೊಮ್ಮೆ ಓದಿದರು. ಆ ಕೆಂಪು ಕೋಟಿನೊಳಗೆ ಮುಖ ಸುಣ್ಣದ ಹಾಗಾಯಿತು.

"ಇದನ್ನು ಸರಿ ಮಾಡು."

"ಯಾಕೆ? ಗೊತ್ತಾಗಿ ನಾನು ಎಂತ ಮಾಡಲಿ? ಅಕ್ಟೋಬರಿನವರೆಗೆ ನಿಮ್ಮನ್ನು ತರಲಿಕ್ಕೆ ಆಗುತ್ತದಾ?"

"ಹೆಂಡತಿ ಅಲ್ಲವೇನೇ ನೀನು!"

"ನೀವು ಯಾರು ಮತ್ತೆ? ಮೊದಲು ನಿಮ್ಮದು ಸರಿ ಮಾಡಿ. ಫೋನು ನಿಮ್ಮ ಕೈಯಲ್ಲೇ ಉಂಟು."

ಫೋನು ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತರು. ನಾನು ಗಡಿಯಾರ ನೋಡುತ್ತಾ ಕೂತೆ. ಮಾಡುತ್ತಾರೆ ಎಂದೇ ನಂಬಿದ್ದೆ, ದೇವರಾಣೆ. ಐದಕ್ಕೆ ಹತ್ತು ನಿಮಿಷ ಇರುವಾಗ ತಿರುಗಿದರು, ಫಾರ್ಮನ್ನು ಮೇಜಿನ ಮೇಲೆ ಹಾಸಿ ಫೋಟೋ ತೆಗೆದು, ಇದ್ದ ಹಾಗೆಯೇ ಕಳಿಸಿಬಿಟ್ಟರು. ಹೋಗುವ ಹುಚ್ಚು ಅಷ್ಟಿತ್ತು.

ಆ ಸಂಜೆ ಇವರು ರೊಟ್ಟಿಯ ಪೆಟ್ಟಿಗೆಗೆ ಅಂಟುಪಟ್ಟಿ ಸುತ್ತಿ ಬದಿಗಿಟ್ಟರು.

ಮರುದಿನ ಶುಕ್ರವಾರ. ಕೋಳಿಸಾರು ಕುದಿಸಿದೆ. ಪೆಟ್ಟಿಗೆಯ ಅಂಟುಪಟ್ಟಿ ಕಿತ್ತು, ಮುಚ್ಚಳ ತೆಗೆದು, ಒಂದು ಪ್ಯಾಕೆಟ್ ಹೊರಗೆಳೆದು ನನ್ನ ಬಟ್ಟಲಿಗೆ ರೊಟ್ಟಿ ಮುರಿದುಕೊಂಡೆ. ಆ ಸದ್ದಿಗೆ ಇವರು ಒಳಗಿನಿಂದ ಬಂದರು.

"ಅದನ್ನು ಯಾಕೆ ತೆಗೆದೆ? ಅಲ್ಲಿ ನನಗೆ ಒಂದು ಶುಕ್ರವಾರ ಕಡಿಮೆ ಬೀಳುತ್ತದೆ."

ಸಾರು ಸುರಿದುಕೊಂಡೆ.

"ಬೀಳಲಿ. ಯಾವ ಶುಕ್ರವಾರ ಅಂತ ನನಗೆ ತಿಳಿಸಬೇಡಿ."