ವಾರಕ್ಕೆ ಇನ್ನೂರು ಕಡ್ಡಾಯ

ಹೊಲಿಗೆಯಾಕೆಯ ಗಂಡ ಕೆಟ್ಟವನಲ್ಲ, ಕೊಡುಗೈಯವನು. ಅದೇ ತೊಂದರೆ. ವ್ಯಾನ್ ಓಡಿಸಿ ತಂದ ದುಡ್ಡು ಅವನ ಜೇಬಿನಲ್ಲಿ ಒಂದು ದಿನ ನಿಂತರೆ ಹೆಚ್ಚು. ಯಾರಾದರೂ ಮುಖ ಸಣ್ಣ ಮಾಡಿಕೊಂಡು ಬಂದರೆ ಸಾಕು, ಕೈ ಜೇಬಿಗೆ ಹೋಗುತ್ತಿತ್ತು. ಮನೆಗೆಂದು ನಾಲ್ಕು ಕಾಸು ಕೂಡಿಡು ಅಂದರೆ ನಗುವ ಆಸಾಮಿ, ಕಾನೂನು ಅಂದರೆ ಮಾತ್ರ ಬೆಚ್ಚುತ್ತಿದ್ದ. ಹಾಗಾಗಿ ಹೆಂಗಸರ ಸ್ವಸಹಾಯ ಸಂಘಕ್ಕೆ ಸೇರಿದ ದಿನವೇ ಅವಳು ಒಂದು ಸುಳ್ಳು ಹೇಳಿದಳು: ವಾರಕ್ಕೆ ಇನ್ನೂರು ಕಡ್ಡಾಯ, ತಪ್ಪಿದರೆ ದಂಡ. ನಿಜವಾಗಿ ಕಡ್ಡಾಯ ಇದ್ದದ್ದು ನೂರು. ಎರಡು ವರ್ಷದಿಂದ ಅವನೇ ನೆನಪು ಮಾಡಿ ಇನ್ನೂರು ಕೊಡುತ್ತಿದ್ದ. ಬಾಡಿಗೆ ಯಂತ್ರದಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಅವಳಿಗೆ ಸ್ವಂತ ಯಂತ್ರ ಬರಲು ಇನ್ನು ನಾಲ್ಕೇ ತಿಂಗಳು ಉಳಿದಿತ್ತು.

ಆ ಬೆಳಿಗ್ಗೆ ಸಮೀಕ್ಷೆಯ ಹುಡುಗಿ ಬಂದಳು. ಸಂಘದ ಹೆಂಗಸರು ಉಳಿತಾಯ ಮಾಡಲು ಏನು ಕಾರಣ ಎಂದು ತಿಳಿಯಬೇಕಂತೆ. ವಯಸ್ಸು, ಓದು, ಆದಾಯ, ಮಕ್ಕಳೆಷ್ಟು, ಎಲ್ಲಕ್ಕೂ ಹಾಳೆಯಲ್ಲಿ ಒಂದೊಂದು ಚೌಕ. ಅತ್ತೆ ಮೂಲೆಯಲ್ಲಿ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದರು. ಗಂಡ ಬಾಗಿಲ ಬಳಿ ಕೂತು ಶೂ ಹಾಕಿಕೊಳ್ಳುತ್ತಿದ್ದ.

"ಅಕ್ಕಾ, ಒಂದು ಅರ್ಥ ಆಗ್ಲಿಲ್ಲ," ಎಂದಳು ಹುಡುಗಿ. "ಸಂಘದಲ್ಲಿ ಎಲ್ರೂ ನೂರು ಕಟ್ತಾರೆ, ನೀವು ಮಾತ್ರ ಇನ್ನೂರು. ಯಾಕೆ?"

ಬಾಗಿಲ ಬಳಿ ಗಂಡ ತಲೆಯೆತ್ತಿದ.

"ನೂರಾ?"

ಅತ್ತೆ ದಾರವನ್ನು ಹಲ್ಲಿನಿಂದ ಕಡಿದರು. "ಸ್ವಂತ ಕಸುಬು ಇರೋರಿಗೆ ಇನ್ನೂರು. ಬರ್ಕೊಳಮ್ಮ."

"ನನ್ನ ಹಾಳೇಲಿ ಹಾಗಿಲ್ವಲ್ಲ ಅಜ್ಜಿ..."

"ನಿನ್ನ ಹಾಳೆ ಯಾವತ್ತಾದ್ರೂ ಸಂಘದ ಮೀಟಿಂಗಿಗೆ ಬಂದಿತ್ತಾ?"

ಅತ್ತೆಯೂ ಒಂದು ದಿನಕ್ಕಾದರೂ ಸಂಘದ ಮೆಟ್ಟಿಲು ಹತ್ತಿದವರಲ್ಲ. ಆದರೆ ಅವರ ಗತ್ತಿಗೆ ಹುಡುಗಿ ತೆಪ್ಪಗಾಗಿ 'ಇತರೆ' ಎಂಬ ಚೌಕಕ್ಕೆ ಗುರುತು ಹಾಕಿದಳು. "ಕಾನೂನು ಅಂದ್ಮೇಲೆ ಕಾನೂನು," ಎಂದು ಗಂಡ ವ್ಯಾನ್ ಹತ್ತಿ ಹೋದ. ಹುಡುಗಿಯೂ ಪಕ್ಕದ ಮನೆಗೆ ನಡೆದಳು.

ಸೊಸೆಗೆ ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ. "ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲ್ನೇ ವಾರಾನೇ." ಅತ್ತೆ ಇನ್ನೊಂದು ಅಂಗಿ ಎಳೆದುಕೊಂಡರು. "ನಿಮ್ಮ ಮಾವನೋರೂ ಹೀಗೇ, ಕೈ ಸಡಿಲ. ನಮ್ಮ ಮನೆಗೆ ವರ್ಷಕ್ಕೆ ಹದಿಮೂರು ತಿಂಗಳ ಬಾಡಿಗೆ ಇತ್ತು ಕಣೇ. ಇಪ್ಪತ್ತು ವರ್ಷ ಕೊಟ್ರು ಪುಣ್ಯಾತ್ಮ, ಒಂದ್ಸಲಾನೂ ಎಣಿಸಲಿಲ್ಲ. ಆ ಹದಿಮೂರನೇ ತಿಂಗಳ ದುಡ್ಡಲ್ಲೇ ನಿನ್ನ ಗಂಡ ಡ್ರೈವಿಂಗ್ ಕಲಿತದ್ದು."

ಸೊಸೆಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅತ್ತೆ ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸದವರಂತೆ ಸೂಜಿ ದಾರ ಅವಳ ಕೈಗಿಟ್ಟರು.

"ಕಣ್ಣು ಕಾಣಲ್ಲ, ಪೋಣಿಸಿ ಕೊಡು. ಮತ್ತೆ ಮುಂದಿನ ವಾರದಿಂದ ಇನ್ನೂರೈವತ್ತು ಮಾಡಿದ್ರು ಅಂತ ಹೇಳು. ನಾನೂ ಸಂಘಕ್ಕೆ ನಾಲ್ಕು ಬೈತೀನಿ. ಆಗ ನಂಬ್ತಾನೆ."