ಮೀನಿನ ಲಾರಿಯ ಹಾಡು

ಆಲ್ಫ್ರೆಡ್ ಮೊಂತೇರೊ ವಿರಹದ ಹಾಡು ಹಾಡಿದರೆ ಕೇಳುವವರಿಗೆ ಹಸಿವಾಗುತ್ತಿತ್ತು. ಇದನ್ನು ಮೊದಲು ಬಾಯಿಬಿಟ್ಟು ಹೇಳಿದವನು ಅವನ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ನೀಲ್.

ಮಂಗಳೂರಿನ ಚರ್ಚಿನ ಗಾಯಕವೃಂದದಲ್ಲಿ ಗಿಟಾರ್ ಕಲಿತಿದ್ದ ಆಲ್ಫ್ರೆಡ್ ಎಂಜಿನಿಯರಿಂಗ್ ಓದಲು ಸಿಯಾಟಲ್‌ಗೆ ಬಂದವನು. ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ಕಾಫಿ ಅಂಗಡಿಗಳಲ್ಲಿ ನಾಲ್ವರು ವಿದ್ಯಾರ್ಥಿಗಳು ಸೇರಿ ಸಾಫ್ಟ್ ರಾಕ್ ಹಾಡುತ್ತಿದ್ದರು. ಎಲ್ಲ ಹಾಡುಗಳೂ ಬಿಟ್ಟು ಹೋದ ಹುಡುಗಿಯ ಬಗ್ಗೆಯೇ. ಆಲ್ಫ್ರೆಡ್ ಮದುವೆಯಾಗಲಿದ್ದ ಮೈಸೂರಿನ ಸತ್ಯಭಾಮಾ ಮಾತ್ರ ತನ್ನ ಲ್ಯಾಬ್ ಕೆಲಸ ಮುಗಿಸಿ ಪ್ರತಿ ಸಲವೂ ಬಂದು ಎದುರಿಗೇ ಕೂರುತ್ತಿದ್ದಳು. ಅವಳನ್ನು ನೋಡುತ್ತಾ ಹಾಡುವವನ ದನಿಯಲ್ಲಿ ವಿರಹ ಬರುವುದಾದರೂ ಹೇಗೆ?

“ನಿನ್ನ ಗಿಟಾರ್ ನಮಗೆ ಬೇಕು,” ಎಂದ ನೀಲ್ ಒಂದು ದಿನ. “ಹಾಡೋದು ಮಾತ್ರ ಬೇಡ. ನೀನು ಅಳೋ ಹಾಡು ಹಾಡಿದ್ರೆ ಜನ ಇನ್ನೊಂದು ಕೇಕ್ ಆರ್ಡರ್ ಮಾಡ್ತಾರೆ.”

ಆಲ್ಫ್ರೆಡ್ ಎರಡು ವರ್ಷ ಬಾಯಿಮುಚ್ಚಿಕೊಂಡು ಗಿಟಾರ್ ನುಡಿಸಿದ. ಓದು ಮುಗಿದು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದಾಗ ಬ್ಯಾಂಡ್ ತಾನಾಗಿಯೇ ನಿಂತಿತು.

ಅಷ್ಟರಲ್ಲಿ ಮದುವೆಯೂ ಆಯಿತು, ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸವೂ ಸಿಕ್ಕಿತು. ಅಲ್ಲಿ ಅವನ ಸಹೋದ್ಯೋಗಿ ವೇಡ್, ಎದೆಯವರೆಗೆ ಗಡ್ಡ ಬಿಟ್ಟ ಪಿಟೀಲು ವಾದಕ, ಹಳ್ಳಿಗಾಡಿನ ಹಾಡುಗಳ ಒಂದು ಕಂಟ್ರಿ ಬ್ಯಾಂಡ್ ನಡೆಸುತ್ತಿದ್ದ. ಅದರ ಗಾಯಕ ಊರು ಬಿಟ್ಟು ಹೋಗಿದ್ದ. ಊಟದ ಹೊತ್ತಿನಲ್ಲಿ ಆಲ್ಫ್ರೆಡ್ ಗುನುಗುವುದನ್ನು ಕೇಳಿದ ವೇಡ್ ಅಲ್ಲೇ ಸಂದರ್ಶನ ಮಾಡಿದ.

“ಟ್ರಕ್ ಇದೆಯಾ?”

“ಇಲ್ಲ. ಬ್ಯಾಟರಿ ಕಾರು.”

“ನಾಯಿ?”

“ಹೆದರಿಕೆ.”

“ಕುಡಿತ?”

“ಕ್ರಿಸ್ಮಸ್‌ಗೆ ಸ್ವಲ್ಪ ವೈನ್.”

ವೇಡ್ ನಿಟ್ಟುಸಿರು ಬಿಟ್ಟ. “ಪರವಾಗಿಲ್ಲ, ಕೌಬಾಯ್ ಟೋಪಿ ನಾವೇ ಕೊಡ್ತೀವಿ.”

ಟೋಪಿ ಹುಬ್ಬಿನವರೆಗೆ ಇಳಿಯುತ್ತಿತ್ತು. ಆದರೂ ಆಲ್ಫ್ರೆಡ್ ಶನಿವಾರಗಳಂದು ಅದನ್ನು ತೊಟ್ಟು, ತನಗೆ ಗೊತ್ತಿಲ್ಲದ ಟ್ರಕ್ಕು, ನಾಯಿ, ವಿಸ್ಕಿಗಳ ಬಗ್ಗೆ ಹಾಡಿದ. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು.

ಬೇಸಿಗೆಯ ಮೇಳದಲ್ಲಿ ಸ್ಪರ್ಧೆ ಬಂತು. ಪ್ರತಿ ಬ್ಯಾಂಡೂ ಸ್ವಂತ ಹಾಡೊಂದನ್ನು ಹಾಡಬೇಕಿತ್ತು. ವೇಡ್ ಬರೆದುಕೊಟ್ಟ ಟ್ರಕ್ಕಿನ ಹಾಡನ್ನು ಆಲ್ಫ್ರೆಡ್ ಸಮಾಮಿಶ್‌ನ ತನ್ನ ಮನೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದಾಗ ಸತ್ಯಭಾಮಾ ಅಡುಗೆಮನೆಯಿಂದ ಇಣುಕಿದಳು.

“ಆಲ್ಫಿ, ನೀನು ಜನ್ಮದಲ್ಲಿ ಒಂದು ಸಲನಾದ್ರೂ ಟ್ರಕ್ ಹತ್ತಿದೀಯಾ?”

“ಹತ್ತಿದ್ದೇನೆ ಮಾರಾಯ್ತಿ. ಲಿಯೋ ಚಿಕ್ಕಪ್ಪನ ಮೀನಿನ ಲಾರಿ.”

ಹೇಳತೊಡಗಿದವನಿಗೆ ನಿಲ್ಲಿಸಲಾಗಲಿಲ್ಲ. ಶಾಲೆಗೆ ರಜೆ ಬಂದರೆ ಮಲ್ಪೆಯಿಂದ ಘಟ್ಟ ಹತ್ತಿ ಹಾಸನದವರೆಗೆ ಪಯಣ. ದಾರಿಯುದ್ದಕ್ಕೂ ತೊಟ್ಟಿಕ್ಕುವ ಮಂಜುಗಡ್ಡೆಯ ನೀರು. ಚಹಾಕ್ಕೆ ನಿಂತಲ್ಲೆಲ್ಲ ಬಂದು ಸಾಲಾಗಿ ಕೂರುವ ಬೆಕ್ಕುಗಳು. ನಿದ್ದೆ ಬಾರದಿರಲೆಂದು ಗಂಟಲು ಹರಿಯುವಂತೆ ಹಾಡುವ ಚಿಕ್ಕಪ್ಪ. “ಲಾರಿ ಮಾರಿದ ದಿನವೂ ಹಾಡಿಕೊಂಡೇ ಬಂದ್ರು. ಊಟ ಮಾತ್ರ ಮಾಡ್ಲಿಲ್ಲ.”

ಅಂಗಡಿಯಲ್ಲಿ ಮೀನಿನ ವಿಭಾಗ ಬಂದರೆ ಮೂಗಿಗೆ ದುಪಟ್ಟಾ ಹಿಡಿಯುವ ಸತ್ಯಭಾಮಾ ಒಲೆ ಆರಿಸಿ ಬಂದು ಅವನೆದುರು ಕೂತಳು. “ಅದನ್ನೇ ಬರಿ,” ಎಂದಳು.

ಮೇಳದ ದಿನ ಅವಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ಆಲ್ಫ್ರೆಡ್ ಬರೆದ ಹಾಡಿನಲ್ಲಿ ಬೆಕ್ಕುಗಳು ಬಂದಾಗ ಜನ ನಕ್ಕರು. ಲಾರಿ ಮಾರಿದ ಚರಣವನ್ನೂ ಆಲ್ಫ್ರೆಡ್ ತನ್ನ ಎಂದಿನ ಖುಷಿಯ ದನಿಯಲ್ಲೇ ಹಾಡಿದ. ಬೇರೆ ದನಿ ಅವನಿಗೆ ಇರಲೂ ಇಲ್ಲ. ಬರಿಗೈಯಲ್ಲಿ ಹಾಡಿಕೊಂಡು ಮನೆಗೆ ನಡೆಯುವ ಮನುಷ್ಯನಿಗೆ ಆ ದನಿಯೇ ಒಪ್ಪುತ್ತಿತ್ತು. ಐಸ್‌ಕ್ರೀಮ್ ಕೊಳ್ಳಲು ಹೊರಟವರು ನಿಂತರು. ವೇಡ್ ಪಿಟೀಲನ್ನು ಕೆಳಗಿಳಿಸಿ ಗಡ್ಡದಿಂದಲೇ ಕಣ್ಣೊರೆಸಿಕೊಂಡ.

ಎರಡನೆಯ ಬಹುಮಾನ ಬಂತು. ಮೊದಲನೆಯದು ಒಂದು ಕುದುರೆಯ ಹಾಡಿಗೆ ಹೋಯಿತು.

ವೇದಿಕೆಯಿಂದ ಇಳಿದವನ ಕೈಯನ್ನು ಮುದುಕನೊಬ್ಬ ಹಿಡಿದುಕೊಂಡ. “ನಿನ್ನ ಉಚ್ಚಾರ ನಮ್ಮ ದಕ್ಷಿಣದ ರಾಜ್ಯಗಳದ್ದು, ನಂಗೆ ಗೊತ್ತಾಯ್ತು. ಯಾವ ಕಡೆ?”

“ದಕ್ಷಿಣ ಕನ್ನಡ,” ಎಂದ ಆಲ್ಫ್ರೆಡ್.

“ಹಾಗನ್ಕೊಂಡೆ. ಆ ಕಡೆ ನನ್ನ ಭಾವಮೈದ ಇದ್ದಾನೆ,” ಎಂದು ಮುದುಕ ತೃಪ್ತಿಯಿಂದ ತಲೆಯಾಡಿಸಿದ.

ಸತ್ಯಭಾಮಾ ಫೋನಿನಲ್ಲಿ ಮಾಡಿಕೊಂಡಿದ್ದ ವಿಡಿಯೋವನ್ನು ಆಲ್ಫ್ರೆಡ್ ಊರಿಗೆ ಕಳಿಸಿದ. ಚಿಕ್ಕಪ್ಪ ಏನೆನ್ನುತ್ತಾರೋ ಎಂಬ ಅಳುಕಿನಲ್ಲಿ ಮರುದಿನ ತಿಂಡಿಯೂ ಸರಿಯಾಗಿ ಸೇರಲಿಲ್ಲ. ಕೊನೆಗೆ ಲಿಯೋ ಚಿಕ್ಕಪ್ಪನದೇ ಫೋನು ಬಂತು. ಇಂಗ್ಲಿಷ್ ಹಾಡಿನ ಅರ್ಥವನ್ನು ಅವರು ಪಕ್ಕದ ಮನೆಯ ಟೀಚರಿಂದ ಹೇಳಿಸಿಕೊಂಡಿದ್ದರು.

“ಹಾಡು ಅಡ್ಡಿಲ್ಲ ಮಗಾ,” ಎಂದರು. “ಆದ್ರೆ ಭಾರೀ ನಿಧಾನ ಆಯ್ತು. ಈ ಸ್ಪೀಡಲ್ಲಿ ಹೋದ್ರೆ ಹಾಸನ ಮುಟ್ಟುವಾಗ ಮೀನು ಹಾಳಾಗ್ತದೆ.”

ಆಲ್ಫ್ರೆಡ್ ಅದನ್ನು ಹಾಗೆಯೇ ವೇಡ್‌ಗೆ ತಲುಪಿಸಿದ. ವೇಡ್ ಗಂಭೀರವಾಗಿ ಒಪ್ಪಿಕೊಂಡ. ಮುಂದಿನ ಶನಿವಾರದಿಂದ ಬ್ಯಾಂಡು ಲಾರಿಯನ್ನು ಜೋರಾಗಿ ಓಡಿಸತೊಡಗಿತು. ಜನ ಕುರ್ಚಿ ಸರಿಸಿ ಎದ್ದು ಕುಣಿಯತೊಡಗಿದರು.