ಜೂನ್‌ನಲ್ಲಿ ಬನ್ನಿ ಅಂದೆ

ಮಿನೋವಾ ಮೇಷ್ಟ್ರು ನವೆಂಬರಿನಲ್ಲಿ ಫೋನ್ ಮಾಡಿ, ಫೆಬ್ರವರಿ ಕೊನೆಗೆ ಬರುತ್ತೇನೆ, ಒಂದು ಕೋಣೆ ಇಟ್ಟಿರು ಎಂದರು. ನಾನು ಬೇಡ ಎಂದೆ.

ಟೋಕಿಯೋದಿಂದ ದಕ್ಷಿಣಕ್ಕೆ ಬಹುದೂರದ ಹಾಹಾಜಿಮಾ ದ್ವೀಪದಲ್ಲಿ ನಮ್ಮದು ಆರು ಕೋಣೆಗಳ ವಸತಿಮನೆ. ಅಡುಗೆ ಚಿಕ್ಕಮ್ಮ ಫುಸಾಯೆಯದು, ಫೋನು ನನ್ನದು. ಯಾವಾಗ ಬಂದರೆ ಒಳ್ಳೆಯದು ಎಂದು ದಿನಕ್ಕೊಬ್ಬರಾದರೂ ಕೇಳುವುದರಿಂದ ಉತ್ತರ ಬಾಯಿಪಾಠವಾಗಿದೆ. ಮೇ ತಿಂಗಳಲ್ಲಿ ಮಳೆ, ಒಗೆದ ಬಟ್ಟೆ ಒಣಗುವುದಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಚಂಡಮಾರುತ ಎದ್ದರೆ ಹಡಗು ಬರುವುದಿಲ್ಲ, ಬಂದವರು ಹೋಗುವಂತಿಲ್ಲ. ಚಳಿಗಾಲದಲ್ಲಿ ಒಂದು ಸ್ವೆಟರ್ ಸಾಕು, ಆದರೆ ಪಶ್ಚಿಮದ ಗಾಳಿಗೆ ಸಮುದ್ರ ಕೆಟ್ಟಿರುತ್ತದೆ. ಟೋಕಿಯೋದಲ್ಲಿ ಮಳೆ ಹಿಡಿಯುವ ಹೊತ್ತಿಗೆ ನಮ್ಮಲ್ಲಿ ಬಿಟ್ಟಿರುತ್ತದೆ, ಜೂನ್ ಕೊನೆಗೆ ಬನ್ನಿ. ಮೇಷ್ಟ್ರಿಗೂ ಇದನ್ನೇ ಹೇಳಿದೆ.

"ಜೂನ್‌ನಲ್ಲಿ ತಿಮಿಂಗಿಲ ಇರಲ್ವಲ್ಲೇ ಕಿನು."

"ಇರಲ್ಲ. ಆದ್ರೆ ನೀವು ಇಲ್ಲಿದ್ದಾಗ ಮೂರು ವರ್ಷ ನೋಡಿದೀರಲ್ಲ."

"ಎಲ್ಲಿ ನೋಡಿದೆ? ಕಿಟಕಿಗೆ ಬೆನ್ನು ಹಾಕ್ಕೊಂಡು ನಿಮಗೆ ಲೆಕ್ಕ ಹೇಳಿಕೊಟ್ಟಿದ್ದೇ ಆಯ್ತು. ನೋಡಿದೋರು ನೀವು ಐದು ಜನ."

ಅದು ನಿಜ. ಮೂರನೆಯ, ನಾಲ್ಕನೆಯ ತರಗತಿ ಸೇರಿ ನಾವು ಐದೇ ಮಕ್ಕಳು. ಫೆಬ್ರವರಿ ಬಂದರೆ ಅವರ ತಲೆಯ ಹಿಂದೆ ತಿಮಿಂಗಿಲಗಳು ನೆಗೆಯುತ್ತಿದ್ದವು. ಅವರು ತಿರುಗುತ್ತಿರಲಿಲ್ಲ. ತಿರುಗಿದರೆ ಆವತ್ತಿನ ಪಾಠ ಮುಗಿದಂತೆ ಎಂದು ಅವರಿಗೆ ಗೊತ್ತಿತ್ತು.

"ಹಾಗಾದ್ರೆ ಮಾರ್ಚ್?"

"ಮಾರ್ಚ್‌ಗೆ ಆರೂ ಕೋಣೆ ಆಗಲೇ ಹೋಗಿವೆ ಮೇಷ್ಟ್ರೇ."

"ಪೇಪರ್ ಓದೋಕೆ ಈಗ ಇಷ್ಟು ದೊಡ್ಡ ಭೂತಗನ್ನಡಿ ಬೇಕು ಕಣೆ. ಜೂನ್ ಸ್ವಲ್ಪ ದೂರ ಆಯ್ತು."

"ಏಳು ತಿಂಗಳು. ಏನ್ ಮಹಾ."

"ನಿಂಗೇನಮ್ಮ," ಎಂದರು. ಜೂನ್‌ಗೆ ಬರೆದುಕೊಂಡೆ.

ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ನಿಜವಾದ ಕಾರಣ ಮಾತ್ರ ಅದರಲ್ಲಿರಲಿಲ್ಲ. ಪ್ರತಿ ಚಳಿಗಾಲ ನಮ್ಮ ಒಂದೇ ಹಡಗು ಮೂರು ವಾರ ರಿಪೇರಿಗೆ ಹೋಗುತ್ತದೆ. ಅದಕ್ಕೆ ಮುಂಚಿನ ಕೊನೆಯ ಪ್ರಯಾಣದಲ್ಲಿ ಅರ್ಧ ದ್ವೀಪವೇ ಟೋಕಿಯೋಗೆ ಹೊರಡುತ್ತದೆ. ವರ್ಷವಿಡೀ ತಡೆದುಕೊಂಡ ಹಲ್ಲುನೋವು, ಮಂಡಿನೋವು, ಕೊಳ್ಳಬೇಕಾದ ಪರದೆ, ಪಾತ್ರೆ, ಎಲ್ಲ ಆ ಮೂರು ವಾರಕ್ಕೆ. ಹಡಗು ಫೆಬ್ರವರಿ ನಡುವೆ ಮರಳುತ್ತದೆ. ಈ ಸಲ ಅದನ್ನು ಬಿಟ್ಟು, ಅದರ ಇನ್ನೆರಡು ಪ್ರಯಾಣ ಕಳೆದ ಮೇಲೆ ಮರಳಿ, ಮಾರ್ಚಿಗೇ ಮನೆ ತೆರೆಯೋಣ ಎಂದು ನಾನೂ ಚಿಕ್ಕಮ್ಮನೂ ಮಾತಾಡಿಕೊಂಡಿದ್ದೆವು. ಒಬ್ಬ ಮುದುಕನಿಗಾಗಿ ಬೇಗ ಬಂದು ಹಾಸಿಗೆ ಬಿಸಿಲಿಗೆ ಹಾಕಲು ನನಗೆ ಮನಸ್ಸಿರಲಿಲ್ಲ.

ಜೂನ್ ಇಪ್ಪತ್ತೆರಡರಂದು ಮೇಷ್ಟ್ರು ಬಂದರು. ಒಂದು ಕೈಯಲ್ಲಿ ಬಿಳಿ ಕೋಲು, ಇನ್ನೊಂದನ್ನು ನಾವಿಕನೊಬ್ಬ ಹಿಡಿದುಕೊಂಡಿದ್ದ.

"ಕಿನುನಾ? ದಪ್ಪ ಆಗಿದೀಯ ಅಂತ ರೇಗಿಸೋಣ ಅಂದ್ರೆ ಕಾಣ್ತಾ ಇಲ್ಲ," ಎಂದರು.

ಮಾರ್ಚ್‌ವರೆಗೂ ಮಸುಕಾಗಿ ಕಾಣುತ್ತಿತ್ತಂತೆ. ಏಪ್ರಿಲ್‌ನಲ್ಲಿ ಅದೂ ಹೋಯಿತು. ಈಗ ಬೆಳಕು ಯಾವುದು, ಕತ್ತಲೆ ಯಾವುದು ಅನ್ನುವುದಷ್ಟೇ ತಿಳಿಯುತ್ತದೆ. ಹೀಗಾಗುತ್ತದೆ ಎಂದು ವೈದ್ಯರು ಹೋದ ವರ್ಷವೇ ಹೇಳಿದ್ದರಂತೆ. ಮತ್ತೆ ಯಾಕೆ ಬಂದಿರಿ ಎಂದು ನಾನು ಕೇಳಲಿಲ್ಲ. "ನೀನು ಕೋಣೆ ಇಟ್ಟಿದ್ಯಲ್ಲ," ಎಂದು ಅವರೇ ಹೇಳಿದರು.

ಮಧ್ಯಾಹ್ನ ಊಟಕ್ಕೆ ದ್ವೀಪದ ವಾಡಿಕೆಯ ಆಮೆ ಸಾರು. ಮೀನು ಕೊಡಲು ಬಂದ ತೊಯೋಜಿ ಮೇಷ್ಟ್ರನ್ನು ನೋಡಿ ಅಲ್ಲೇ ಕುಳಿತ. ಅವನು ಆ ಐದು ಮಕ್ಕಳಲ್ಲಿ ಇನ್ನೊಬ್ಬ.

"ಈಗ ಬಂದ್ರಲ್ಲ ಮೇಷ್ಟ್ರೇ, ಫೆಬ್ರವರಿಲಿ ಬರೋದಲ್ವಾ?"

"ಸಮುದ್ರ ಕೆಟ್ಟಿರುತ್ತೆ ಅಂದ್ಲು ಕಿನು."

"ಯಾರು ಹೇಳಿದ್ದು? ಈ ಸಲ ಫೆಬ್ರವರಿ ಕೊನೇಲಿ ಗಾಳಿನೇ ಇಲ್ಲ, ನೀರು ತಟ್ಟೆ ಥರ ಇತ್ತು. ತಿಮಿಂಗಿಲಗಳು ಮರಿ ಕರ್ಕೊಂಡು ಬಂದರಿನ ಕಟ್ಟೆವರೆಗೂ ಬರ್ತಿದ್ವು, ಉಸಿರಿನ ನಾತ ನಮ್ಮನೆ ಬಾಗಿಲಿಗೆ. ಇವಳಿಗೆಲ್ಲಿ ಗೊತ್ತು, ಟೋಕಿಯೋದಲ್ಲಿ ಹಲ್ಲು ಕೀಳಿಸ್ಕೊಳ್ತಾ ಕೂತಿದ್ಲು."

ಚಿಕ್ಕಮ್ಮ ಪಾತ್ರೆಯ ಮುಚ್ಚಳವನ್ನು ಜೋರಾಗಿ ಹಾಕಿದಳು. ತೊಯೋಜಿಗೆ ತಡವಾಗಿ ಅರ್ಥವಾಯಿತು. ದೋಣಿ ತೊಳೆಯುವುದಿದೆ ಎಂದು ಎದ್ದುಹೋದ.

ಮೇಷ್ಟ್ರು ಬಾಯಲ್ಲಿದ್ದುದನ್ನು ಪೂರ್ತಿ ಅಗಿದು ನುಂಗಿದರು.

"ಹಲ್ಲು ಕೀಳೋಕೆ ಎಷ್ಟು ದಿನ ಬೇಕಾಯ್ತು?"

"ಒಂದು ದಿನ. ಮಿಕ್ಕಿದ್ದೆಲ್ಲ ಅಂಗಡಿ ಸುತ್ತಿದ್ದು. ಗಾಳಿ ಗೀಳಿ ಎಲ್ಲ ನೆಪ ಮೇಷ್ಟ್ರೇ. ಬೇಗ ಬಂದು ಮನೆ ತೆಗೆಯೋಕೆ ಸೋಮಾರಿತನ."

"ಅಲ್ಲಿಂದ ನಮ್ಮೂರು ರೈಲಲ್ಲಿ ಎರಡು ಗಂಟೆ ದಾರಿ."

"ಗೊತ್ತು."

ಅವರು ಬಟ್ಟಲು ಮುಂದೆ ಚಾಚಿದರು. "ಇನ್ನೊಂದ್ ಸ್ವಲ್ಪ ಸಾರು ಹಾಕು."

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಸಾರು ಬಡಿಸಿದೆ.

ಇದ್ದ ಮೂರು ದಿನವೂ ಅವರನ್ನು ಕಟ್ಟೆಯವರೆಗೆ ನಡೆಸಿಕೊಂಡು ಹೋದೆ. ನಾನು ಫೋನಿನಲ್ಲಿ ಹೇಳಿದ್ದ ಜೂನ್ ಹಾಗೆಯೇ ಇತ್ತು. ಮಳೆಯಿಲ್ಲ, ಅಲೆಯಿಲ್ಲ, ತಳದ ಕಲ್ಲು ಕಾಣುವಷ್ಟು ತಿಳಿನೀರು. ಅದನ್ನು ಅವರಿಗೆ ಬಣ್ಣಿಸಲು ಹೋಗಲಿಲ್ಲ. ಹೊರಡುವ ದಿನ ಬೆಳಿಗ್ಗೆ, ಮತ್ತೆ ಯಾವಾಗ ಬರುತ್ತೀರಿ ಎಂದು ಕೇಳಿದೆ. ಕೇಳಬಾರದಿತ್ತು.

"ನಂಗಿನ್ನು ಎಲ್ಲಾ ತಿಂಗಳೂ ಒಂದೇ," ಎಂದರು. "ನಿಂಗೆ ಯಾವಾಗ ಬಿಡುವೋ ಹೇಳು."

ನಾನು ಅವರ ಚೀಲ ಎತ್ತಿಕೊಂಡೆ.

ಎರಡು ಗಂಟೆಗೆ ಹಡಗು ಬಂದರು ಬಿಟ್ಟಿತು. ಇಲ್ಲಿ ಯಾರೂ ವಿದಾಯ ಹೇಳುವುದಿಲ್ಲ, ಹೋಗಿ ಬನ್ನಿ ಎಂದು ಕೂಗುತ್ತೇವೆ. ಹುಡುಗರು ಕೂಗುತ್ತ ಕಟ್ಟೆಯಿಂದ ನೀರಿಗೆ ಹಾರಿದರು. ಹಡಗು ತಿರುಗುವಾಗ ಮೇಷ್ಟ್ರು ಕಂಬಿ ಹಿಡಿದು ನಿಂತು ಕೈ ಬೀಸಿದರು. ಎಂಜಿನ್ ಸದ್ದಿಗೆ ನಮ್ಮ ಕೂಗು ಯಾವ ಕಡೆಯಿಂದ ಬರುತ್ತಿದೆ ಎಂದು ಅವರಿಗೆ ಗೊತ್ತಾಗಿರಲಿಕ್ಕಿಲ್ಲ. ಅವರು ಬೀಸುತ್ತಿದ್ದುದು ಆಚೆ ಬದಿಯ ಬರೀ ಬೆಟ್ಟಕ್ಕೆ. ಪಕ್ಕದಲ್ಲಿದ್ದವರು ಯಾರೂ ಅವರನ್ನು ಹಿಡಿದು ನಮ್ಮ ಕಡೆ ತಿರುಗಿಸಲಿಲ್ಲ. ಹಡಗು ಮೂಲೆ ದಾಟುವವರೆಗೂ ಬೀಸುತ್ತಲೇ ಇದ್ದರು.